ಮೂರನೆಯ ದರ್ಜೆಯ ಮಹಾಪ್ರಬಂಧ

ವಿಜ್ಞಾನ ನನ್ನ ಕ್ಷೇತ್ರವಲ್ಲ. ಹಳಗನ್ನಡ ಕಾವ್ಯ, ಛಂದಸ್ಸು, ವ್ಯಾಕರಣ ಇವುಗಳ ನಡುವೆ ಇಪ್ಪತ್ತು ವರ್ಷ ಕಳೆದ ಅಧ್ಯಾಪಕನೊಬ್ಬ ಸ್ವೀಡನ್ ದೇಶದ ರಸಾಯನವಿಜ್ಞಾನಿಯೊಬ್ಬನ ಚರಿತ್ರೆಯನ್ನು ಬರೆಯಹೊರಟರೆ ವಾಚಕರಿಗೆ ಸೋಜಿಗವೆನಿಸಬಹುದು. ಅದಕ್ಕೆ ಕಾರಣವಾದುವು ಎರಡು: ಒಂದು ಕೊಳವೆಬಾವಿಯ ನೀರು, ಮತ್ತು ನಾನೇ ಹಿಂದೊಮ್ಮೆ ಹಾಕಿದ ಕೆಲವು ಅಂಕಗಳು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ - ಈ ನಾಲ್ಕು ತಾಲ್ಲೂಕುಗಳು ವಿದ್ಯಾ ಇಲಾಖೆಯ ಲೆಕ್ಕದಲ್ಲಿ ಒಂದೇ ಶೈಕ್ಷಣಿಕ ಜಿಲ್ಲೆ. ನೀರಿನ ಲೆಕ್ಕದಲ್ಲಿಯೂ ಬಹುಮಟ್ಟಿಗೆ ಒಂದೇ ಸಂಸಾರ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಕಂಡವರಿಗೆ ಇದು ಬಂಡೆಯ ನಾಡೆಂದು ಬೇರೆ ಹೇಳಬೇಕಾಗಿಲ್ಲ. ಜಯಮಂಗಲಿಯಲ್ಲಿ ನೀರು ಹರಿಯುವ ದಿನಗಳು ಕಡಮೆ. ಕೆರೆ ಬತ್ತಿದ ಮೇಲೆ ಬಾವಿ, ಬಾವಿ ಬತ್ತಿದ ಮೇಲೆ ಕೊಳವೆಬಾವಿ, ಹೀಗೆ ಜನ ನೂರಾರು ಅಡಿ ಆಳಕ್ಕೆ ಇಳಿದು ಬಂಡೆಯ ಬಿರುಕುಗಳಲ್ಲಿ ತಂಗಿದ್ದ ನೀರನ್ನು ಮೇಲಕ್ಕೆ ತಂದರು. ನೀರಿನ ಜೊತೆಗೆ ಬಂಡೆಯೂ ಅಷ್ಟಿಷ್ಟು ಕರಗಿ ಬಂದಿತು.

ಕೆಲವು ವರ್ಷಗಳ ಹಿಂದೆ ಪಾವಗಡದ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ ನಡೆಯಿತು. ರಸಾಯನಶಾಸ್ತ್ರದ ನನ್ನ ಸಹೋದ್ಯೋಗಿಯೊಬ್ಬರು ಲೇಖನಿಯಷ್ಟು ಗಾತ್ರದ ಒಂದು ಸಲಕರಣೆಯನ್ನು ಲೋಟದ ನೀರಿನಲ್ಲಿ ಅದ್ದಿದರು. ಕ್ಷಣದಲ್ಲಿ ಅಂಕಿಯೊಂದು ಮೂಡಿತು. ಒಂದು ಲೀಟರು ನೀರಿನಲ್ಲಿ ಇಷ್ಟು ಮಿಲಿಗ್ರಾಂ ಲವಣ ಕರಗಿದೆಯೆಂದು ಅದರ ಅರ್ಥವಂತೆ. ನೀರನ್ನು ಕಾಯಿಸಿ ಆರಿಸದೆ, ಉಳಿದ ಉಪ್ಪನ್ನು ತೂಗದೆ, ಈ ಕಡ್ಡಿಗೆ ಅದು ಹೇಗೆ ತಿಳಿಯಿತೆಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ನನಗೂ ಅದೇ ಸಂದೇಹವಿತ್ತು, ಕೇಳುವ ಧೈರ್ಯವಿರಲಿಲ್ಲ. ಸಲಕರಣೆ ಉಪ್ಪನ್ನು ಅಳೆಯುವುದೇ ಇಲ್ಲ, ನೀರಿನಲ್ಲಿ ವಿದ್ಯುತ್ತು ಎಷ್ಟು ಸುಲಭವಾಗಿ ಹರಿಯುವುದೆಂಬುದನ್ನು ಅಳೆದು ಅದರಿಂದ ಉಪ್ಪನ್ನು ಊಹಿಸುತ್ತದೆ ಎಂದು ಅವರು ವಿವರಿಸಿದರು. ಇದರ ಬೇರು ಸ್ವಾಂಟೆ ಅರ್ಹೇನಿಯಸ್ ಎಂಬಾತನ ಪ್ರಬಂಧದಲ್ಲಿದೆಯೆಂದೂ, ಆ ಪ್ರಬಂಧಕ್ಕೆ ಪರೀಕ್ಷಕರು ಕೊಟ್ಟುದು ಅತಿ ಕೆಳಗಿನ ದರ್ಜೆಯೆಂದೂ ಸೇರಿಸಿದರು. ಪರೀಕ್ಷಕನಾದ ನನಗೆ ಈ ಕಡೆಯ ಮಾತು ಮನಸ್ಸಿನಲ್ಲಿ ನಾಟಿತು. ಊರಿಗೆ ಮರಳಿದ ಮೇಲೆ ಆ ಮನುಷ್ಯನ ಬಾಳನ್ನು ಹುಡುಕಿ ಓದಿದೆ.

ಅರ್ಹೇನಿಯಸ್ ಹುಟ್ಟಿದುದು 1859ರ ಫೆಬ್ರವರಿ 19ರಂದು, ಸ್ವೀಡನ್ನಿನ ಉಪ್ಸಾಲ ನಗರಕ್ಕೆ ಸಮೀಪದ ವಿಕ್ ಎಂಬಲ್ಲಿ. ತಂದೆ ಭೂಮಾಪಕ, ಉಪ್ಸಾಲ ವಿಶ್ವವಿದ್ಯಾಲಯದ ಜಮೀನುಗಳ ಮೇಲ್ವಿಚಾರಣೆ ಆತನ ಉದ್ಯೋಗ. ಮಗು ಮೂರನೆಯ ವಯಸ್ಸಿಗೇ ತಾನಾಗಿ ಓದಲು ಕಲಿಯಿತಂತೆ. ತಂದೆಯ ಲೆಕ್ಕದ ಪುಸ್ತಕಗಳಲ್ಲಿ ಕೂಡುವುದನ್ನೂ ಕಳೆಯುವುದನ್ನೂ ನೋಡಿ ನೋಡಿಯೇ ಗಣಿತ ಕೈವಶವಾಯಿತು. ನಮ್ಮ ಕಡೆ ಶಾನುಭೋಗರ ಮನೆಯ ಮಕ್ಕಳು ಕಡತದ ಅಂಚಿನಲ್ಲಿ ಕುಳಿತು ಲೆಕ್ಕ ಕಲಿತಂತೆಯೇ ಇದೂ. 1876ರಲ್ಲಿ ಶಾಲೆಯ ವ್ಯಾಸಂಗ ಮುಗಿದಾಗ ತನ್ನ ತಂಡದಲ್ಲಿ ಅತ್ಯಂತ ಕಿರಿಯನೂ ಅತ್ಯಂತ ಸಮರ್ಥನೂ ಆತನೇ ಆಗಿದ್ದನು.

ಉಪ್ಸಾಲದ ವಿಶ್ವವಿದ್ಯಾಲಯ ಪುರಾತನವಾದುದು, ಕೀರ್ತಿವಂತವಾದುದು. ಕೀರ್ತಿವಂತ ಸಂಸ್ಥೆಗಳಿಗೆ ಸಹಜವಾದ ಬಿಗಿಯೂ ಅಲ್ಲಿತ್ತು. ಭೌತವಿಜ್ಞಾನದ ಪ್ರಾಧ್ಯಾಪಕ ಥಾಲೇನ್ ಬೆಳಕಿನ ಪಟಲಗಳ ಪರೀಕ್ಷೆಯಲ್ಲಿ ನಿಷ್ಣಾತ. ರಸಾಯನದ ಪ್ರಾಧ್ಯಾಪಕ ಕ್ಲೇವೆ ಹೊಸ ಮೂಲವಸ್ತುಗಳ ಶೋಧನೆಯಲ್ಲಿ ಹೆಸರಾದವನು. ಎರಡು ಶಾಸ್ತ್ರಗಳ ಗಡಿಯಲ್ಲಿ ನಿಂತು ಯೋಚಿಸುವ ತರುಣನಿಗೆ ಇಬ್ಬರ ಬಳಿಯಲ್ಲಿಯೂ ಎಡೆ ದೊರೆಯಲಿಲ್ಲ. 1881ರಲ್ಲಿ ಅರ್ಹೇನಿಯಸ್ ಸ್ಟಾಕ್‌ಹೋಮಿಗೆ ಹೋಗಿ ಎಡ್ಲುಂಡ್ ಎಂಬ ಭೌತವಿಜ್ಞಾನಿಯ ಕೈಕೆಳಗೆ ಕೆಲಸಕ್ಕೆ ನಿಂತನು. ಅಲ್ಲಿ ಹಿಡಿದ ವಿಷಯ ದ್ರಾವಣಗಳಲ್ಲಿ ವಿದ್ಯುತ್ತಿನ ಹರಿವು.

ಅಡಿಗೆಯ ಮನೆಯಿಂದಲೇ ಸಮಸ್ಯೆಯನ್ನು ಹೇಳಬಹುದು. ಬೆಲ್ಲದ ಪಾನಕದಲ್ಲಿ ವಿದ್ಯುತ್ತು ಹರಿಯುವುದು ಅತಿ ಕಡಮೆ; ಉಪ್ಪಿನ ನೀರಿನಲ್ಲಿ ಚೆನ್ನಾಗಿ ಹರಿಯುತ್ತದೆ. ಒಣಗಿದ ಉಪ್ಪಿನ ಹರಳಿನಲ್ಲಿ ಹರಿಯುವುದಿಲ್ಲ. ಶುದ್ಧವಾದ ನೀರಿನಲ್ಲಿಯೂ ಹರಿಯುವುದಿಲ್ಲವೆಂದೇ ಹೇಳಬೇಕು. ಎರಡೂ ಸೇರಿದೊಡನೆ ದಾರಿ ತೆರೆಯುತ್ತದೆ. ಇದೇಕೆ? 1834ರಲ್ಲಿಯೇ ಫ್ಯಾರಡೆ ಮಹಾಶಯನು ದ್ರಾವಣದೊಳಗೆ ವಿದ್ಯುದಂಶವನ್ನು ಹೊತ್ತು ನಡೆಯುವ ಕಣಗಳಿಗೆ ಅಯಾನುಗಳೆಂದು ಹೆಸರಿಟ್ಟಿದ್ದನು. ಆದರೆ ಅವು ಹುಟ್ಟುವುದು ವಿದ್ಯುತ್ತು ಬಂದು ಉಪ್ಪನ್ನು ಸೀಳಿದಾಗ ಎಂಬುದು ಆ ಕಾಲದವರ ಸಾಮಾನ್ಯ ನಂಬಿಕೆ.

ಅರ್ಹೇನಿಯಸ್ ದ್ರಾವಣಗಳನ್ನು ತೆಳುಮಾಡುತ್ತ ಹೋದನು, ಒಂದೊಂದು ಮಟ್ಟದಲ್ಲಿಯೂ ವಿದ್ಯುತ್ತಿನ ಹರಿವನ್ನು ಅಳೆದನು. ವಿಚಿತ್ರವೊಂದು ಕಂಡಿತು: ದ್ರಾವಣ ತೆಳುವಾದಷ್ಟೂ, ಕರಗಿರುವ ಪ್ರತಿಯೊಂದು ಪಾಲು ವಸ್ತುವಿನ ವಾಹಕಶಕ್ತಿ ಹೆಚ್ಚುತ್ತದೆ. ಹಾಗಿದ್ದರೆ ಕರಗಿದುದೆಲ್ಲ ಒಂದೇ ಸ್ಥಿತಿಯಲ್ಲಿಲ್ಲ. ಅದರಲ್ಲಿ ಚಟುವಟಿಕೆಯ ಭಾಗವೊಂದು, ಸುಮ್ಮನಿರುವ ಭಾಗವೊಂದು ಇದೆ. ನೀರು ಹೆಚ್ಚಿದಷ್ಟೂ ಚಟುವಟಿಕೆಯ ಭಾಗ ಹೆಚ್ಚುತ್ತದೆ. 1883ರ ಮೇ 17ರ ರಾತ್ರಿ ಈ ವಿಚಾರ ಮನಸ್ಸಿನಲ್ಲಿ ಸ್ಪಷ್ಟವಾಗಿ, ಸಮಸ್ಯೆಯೆಲ್ಲ ಬಗೆಹರಿಯುವವರೆಗೆ ಆತನಿಗೆ ನಿದ್ರೆ ಬರಲಿಲ್ಲವಂತೆ. ಆಗ ಆತನ ವಯಸ್ಸು 24.

ಹೊಸ ಸಿದ್ಧಾಂತವನ್ನು ಹೊತ್ತು ಉಪ್ಸಾಲಕ್ಕೆ ಬಂದು ಕ್ಲೇವೆಯನ್ನು ಕಂಡನು. ಗುರುವು ವಿಷಯ ಸ್ವಾರಸ್ಯವಾಗಿದೆಯೆಂದು ಒಂದು ಮಾತನಾಡಿ, ಅಷ್ಟಕ್ಕೇ ಬೀಳ್ಕೊಟ್ಟುಬಿಟ್ಟನು. 1884ರಲ್ಲಿ ಫ್ರೆಂಚ್ ಭಾಷೆಯಲ್ಲಿ ಬರೆದ ಸುಮಾರು 150 ಪುಟಗಳ ಪ್ರಬಂಧ ಡಾಕ್ಟೊರೇಟ್ ಪದವಿಗಾಗಿ ವಿಶ್ವವಿದ್ಯಾಲಯದ ಮುಂದೆ ಬಂದಿತು. ಪರೀಕ್ಷಕರು ದುಷ್ಟರಲ್ಲ, ಅಜ್ಞರೂ ಅಲ್ಲ. ಭೌತವಿಜ್ಞಾನಿಗೆ ಅದು ರಸಾಯನವಾಗಿ ಕಂಡಿತು, ರಸಾಯನವಿಜ್ಞಾನಿಗೆ ಭೌತವಾಗಿ ಕಂಡಿತು. ತಮ್ಮ ಅಳತೆಗೋಲು ನಿಲುಕದ ಬಟ್ಟೆಯನ್ನು ಇಬ್ಬರೂ ಗಿಡ್ಡವೆಂದು ತೀರ್ಮಾನಿಸಿದರು. ಪ್ರಬಂಧಕ್ಕೆ ನಾಲ್ಕನೆಯ ದರ್ಜೆ. ಆತ ಎದ್ದು ನಿಂತು ಮಾಡಿದ ಸಮರ್ಥನೆಗೆ ಮೂರನೆಯ ದರ್ಜೆ. ಆ ದೇಶದ ಪದ್ಧತಿಯಲ್ಲಿ ಇಂಥ ದರ್ಜೆ ಪಡೆದವನಿಗೆ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾಗುವ ಆಸೆ ಮುಗಿದಂತೆಯೇ.

ಅರ್ಹೇನಿಯಸ್ ಸುಮ್ಮನೆ ಕೂರಲಿಲ್ಲ. ತನ್ನ ಪ್ರಬಂಧದ ಪ್ರತಿಗಳನ್ನು ಯುರೋಪಿನ ಹೆಸರಾಂತ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳುಹಿಸಿದನು. ಒಂದು ಪ್ರತಿ ರೀಗಾ ಪಟ್ಟಣದಲ್ಲಿದ್ದ ವಿಲ್ಹೆಲ್ಮ್ ಓಸ್ಟ್‌ವಾಲ್ಡನ ಕೈಸೇರಿತು. ಅದೇ ದಿನ ಆತನಿಗೆ ಹೆಣ್ಣು ಮಗು ಹುಟ್ಟಿತ್ತು, ಅದೇ ದಿನ ಹಲ್ಲುನೋವೂ ಬಂದಿತ್ತು. ಮೂರರಲ್ಲಿ ತನಗೆ ಹೆಚ್ಚು ನಿದ್ರೆಗೆಡಿಸಿದುದು ಈ ಪ್ರಬಂಧವೇ ಎಂದು ಮುಂದೆ ಆತ ನೆನೆಯುತ್ತಿದ್ದನು. ತಾನೂ ಆಮ್ಲಗಳ ಬಲವನ್ನು ಅಳೆಯುತ್ತಿದ್ದ ಓಸ್ಟ್‌ವಾಲ್ಡನಿಗೆ, ತನ್ನ ಅಂಕಿಗಳಿಗೂ ಈ ಅಪರಿಚಿತನ ಅಂಕಿಗಳಿಗೂ ಇರುವ ಹೊಂದಿಕೆ ತಟ್ಟನೆ ಕಂಡಿತು. ಆ ವರ್ಷದ ಆಗಸ್ಟಿನಲ್ಲಿ ಆತನೇ ಹೊರಟು ಉಪ್ಸಾಲಕ್ಕೆ ಬಂದನು. ಮೂರನೆಯ ದರ್ಜೆಯ ಹುಡುಗನನ್ನು ಕಾಣಲು ಹೊರದೇಶದ ಪ್ರಾಧ್ಯಾಪಕನೊಬ್ಬ ಸಮುದ್ರ ದಾಟಿ ಬಂದುದನ್ನು ಕಂಡು ಊರಿನ ವಿದ್ವಾಂಸರಿಗೆ ಏನನ್ನಿಸಿರಬೇಕು! ಓಸ್ಟ್‌ವಾಲ್ಡ್ ತನ್ನಲ್ಲಿಗೆ ಬಂದುಬಿಡೆಂದು ಕರೆದನು. ತಂದೆಯ ಕಾಯಿಲೆಯಿಂದಾಗಿ ಮಗ ಊರು ಬಿಡಲಾಗಲಿಲ್ಲ. ಆದರೆ ಆ ಒಂದು ಭೇಟಿಯಿಂದ ಉಪ್ಸಾಲದಲ್ಲಿಯೇ ಉಪಾಧ್ಯಾಯ ಸ್ಥಾನವೊಂದು ದೊರೆಯಿತು. 1885ರಲ್ಲಿ ತಂದೆ ತೀರಿಕೊಂಡನು.

1886ರಿಂದ ಅಕಾಡೆಮಿಯ ವಿದ್ಯಾರ್ಥಿವೇತನದ ಮೇಲೆ ದೇಶ ಸುತ್ತಿ, ರೀಗಾದಲ್ಲಿ ಓಸ್ಟ್‌ವಾಲ್ಡ್, ವ್ಯೂರ್ಟ್ಸ್‌ಬುರ್ಗಿನಲ್ಲಿ ಕೋಲ್‌ರಾಶ್, ಗ್ರಾಟ್ಸ್‌ನಲ್ಲಿ ಬೋಲ್ಟ್ಸ್‌ಮನ್, ಆಮ್‌ಸ್ಟರ್‌ಡ್ಯಾಮಿನಲ್ಲಿ ವಾಂಟ್ ಹಾಫ್ ಇವರೊಡನೆ ಕೆಲಸ ಮಾಡಿದನು. ಇವರಲ್ಲಿ ವಾಂಟ್ ಹಾಫನ ಸಿದ್ಧಾಂತ ಆತನ ಕೈಗೆ ಬೀಗದ ಕೈಯಾಗಿ ಬಂದಿತು.

ಉಪ್ಪಿನಕಾಯಿ ಹಾಕುವ ನಮ್ಮ ಮನೆಯ ಹೆಂಗಸರಿಗೆ ತಿಳಿಯದ ವಿಷಯವಲ್ಲ ಇದು. ಮಾವಿನ ಹೋಳಿಗೆ ಉಪ್ಪು ಬೆರಸಿ ಜಾಡಿಯಲ್ಲಿಟ್ಟರೆ ಮರುದಿನ ಹೋಳು ಸುಕ್ಕಿ ನೀರು ಬಿಟ್ಟಿರುತ್ತದೆ. ತೆಳುವಾದ ಪೊರೆಯ ಮೂಲಕ ನೀರು ಸಾರ ಕಡಮೆಯಿರುವ ಕಡೆಯಿಂದ ಹೆಚ್ಚಿರುವ ಕಡೆಗೆ ಹರಿಯುತ್ತದೆ, ಇದೇ ಅಭಿಸರಣ. ಈ ಹರಿವಿನ ಒತ್ತಡ ಕರಗಿದ ಕಣಗಳ ಸಂಖ್ಯೆಯನ್ನು ಮಾತ್ರ ಅವಲಂಬಿಸಿದೆ, ಅವುಗಳ ಜಾತಿಯನ್ನಲ್ಲ ಎಂದು ವಾಂಟ್ ಹಾಫ್ ತೋರಿಸಿದ್ದನು. ದ್ರಾವಣ ಹೆಪ್ಪುಗಟ್ಟುವ ಉಷ್ಣತೆ ಇಳಿಯುವುದೂ, ಕುದಿಯುವ ಉಷ್ಣತೆ ಏರುವುದೂ ಇದೇ ನಿಯಮಕ್ಕೆ ಒಳಪಟ್ಟುವು. ಸಕ್ಕರೆಗೆ ಲೆಕ್ಕ ಸರಿಹೋಯಿತು; ಉಪ್ಪಿಗೆ ಹೋಗಲಿಲ್ಲ. ಒಂದು ಕಿಲೋಗ್ರಾಂ ನೀರಿನಲ್ಲಿ ಒಂದು ಮೋಲ್ ಸಕ್ಕರೆ ಕರಗಿದರೆ ಹೆಪ್ಪುಗಟ್ಟುವ ಉಷ್ಣತೆ 1.86 ಡಿಗ್ರಿಯಷ್ಟು ಇಳಿಯುತ್ತದೆ. ಅಷ್ಟೇ ಸಂಖ್ಯೆಯ ಉಪ್ಪು ಕರಗಿದರೆ ಅದರ ಇಮ್ಮಡಿಗೆ ಸಮೀಪದಷ್ಟು ಇಳಿಯುತ್ತದೆ. ವಾಂಟ್ ಹಾಫ್ ತನ್ನ ಸಮೀಕರಣದಲ್ಲಿ ಕಾರಣ ತಿಳಿಯದ ಗುಣಕವೊಂದನ್ನು ಸೇರಿಸಿ ತೇಪೆ ಹಾಕಿದ್ದನು.

ಅರ್ಹೇನಿಯಸನಿಗೆ ಆ ತೇಪೆಯಲ್ಲಿಯೇ ಸತ್ಯ ಕಂಡಿತು. ಒಂದು ಉಪ್ಪು ಎರಡರಂತೆ ನಡೆದುಕೊಳ್ಳುವುದು ಅದು ನೀರಿನಲ್ಲಿ ಎರಡಾಗಿರುವುದರಿಂದಲೇ! ವಿದ್ಯುತ್ತು ಬಂದು ಸೀಳಬೇಕಾಗಿಲ್ಲ; ಕರಗಿದೊಡನೆ ಸೋಡಿಯಂ ಒಂದು ಧನ ಅಯಾನಾಗಿ, ಕ್ಲೋರಿನ್ ಒಂದು ಋಣ ಅಯಾನಾಗಿ ಬೇರೆಯಾಗುತ್ತವೆ. ಉಪ್ಪು ತೆಳು ದ್ರಾವಣದಲ್ಲಿ ಹೆಚ್ಚುಕಡಮೆ ಪೂರ್ತಿಯಾಗಿ ಒಡೆಯುತ್ತದೆ. ಹುಳಿನೀರಿನ ಆಮ್ಲದಂಥವು ಸ್ವಲ್ಪ ಪಾಲು ಮಾತ್ರ ಒಡೆಯುತ್ತವೆ. ಸಕ್ಕರೆ ಒಡೆಯುವುದೇ ಇಲ್ಲ. ವಿದ್ಯುತ್ತಿನ ಅಳತೆಯಿಂದ ಲೆಕ್ಕ ಹಾಕಿದ ವಿಯೋಜನೆಯ ಪ್ರಮಾಣವೂ ಹೆಪ್ಪುಗಟ್ಟುವಿಕೆಯಿಂದ ಲೆಕ್ಕ ಹಾಕಿದುದೂ ಬಹುಮಟ್ಟಿಗೆ ತಾಳೆಯಾದುವು. 1887ರಲ್ಲಿ ಓಸ್ಟ್‌ವಾಲ್ಡ್ ಆರಂಭಿಸಿದ ಭೌತ ರಸಾಯನದ ಪತ್ರಿಕೆಯ ಮೊದಲ ಸಂಪುಟದಲ್ಲಿ ಈ ಸಿದ್ಧಾಂತ ಪ್ರಕಟವಾಯಿತು.

ವಿರೋಧ ಬಲವಾಗಿಯೇ ಬಂದಿತು. ಸೋಡಿಯಂ ನೀರಿಗೆ ಬಿದ್ದರೆ ಉರಿಯುವ ಲೋಹ, ಕ್ಲೋರಿನ್ ವಿಷಾನಿಲ. ಇವೆರಡೂ ಒಂದು ಲೋಟ ಉಪ್ಪಿನ ನೀರಿನಲ್ಲಿ ಸಾಧುಗಳಂತೆ ಬೇರೆಬೇರೆಯಾಗಿ ಕುಳಿತಿರುವುದೆಂದರೇನು ಎಂದು ಹಿರಿಯರು ನಕ್ಕರು. ಇಂಗ್ಲೆಂಡಿನ ಆರ್ಮ್‌ಸ್ಟ್ರಾಂಗ್ ಒಪ್ಪಲಿಲ್ಲ. ಮೂಲವಸ್ತುಗಳ ಆವರ್ತಕೋಷ್ಟಕವನ್ನು ರಚಿಸಿದ ರಷ್ಯದ ಮೆಂಡೆಲೀಯೆವನೂ ಒಪ್ಪಲಿಲ್ಲ. ವಿದ್ಯುದಂಶವನ್ನು ಪಡೆದ ಕಣದ ಸ್ವಭಾವವೇ ಬೇರೆ ಎಂಬುದು ಅರ್ಹೇನಿಯಸನ ಉತ್ತರ.

ವ್ಯಾಕರಣ ಪಾಠ ಮಾಡುವವನಾದ ನನಗೆ ಇಲ್ಲಿ ಸಮಾಸದ ನೆನಪಾಗುತ್ತದೆ. ಸಮಸ್ತಪದವನ್ನು ವಿಗ್ರಹಿಸಿದಾಗ ಹೊಸ ಪದಗಳು ಹುಟ್ಟುವುದಿಲ್ಲ. ಒಳಗೆ ಇದ್ದುವೇ ತಮ್ಮ ತಮ್ಮ ವಿಭಕ್ತಿಯೊಡನೆ ಬೇರೆ ನಿಲ್ಲುತ್ತವೆ. ಮುಂದೆ ಕ್ಷ-ಕಿರಣಗಳಿಂದ ಹರಳುಗಳನ್ನು ಪರೀಕ್ಷಿಸಿದಾಗ ಉಪ್ಪಿನ ಹರಳು ಮೊದಲೇ ಅಯಾನುಗಳ ಜೋಡಣೆಯೆಂದು ತಿಳಿದುಬಂದಿತು. ನೀರು ಮಾಡುವುದು ವಿಗ್ರಹವಾಕ್ಯದ ಕೆಲಸವನ್ನೇ. ತೀಕ್ಷ್ಣವಾದ ಲವಣಗಳ ವಿಷಯದಲ್ಲಿ ಅರ್ಹೇನಿಯಸನ ಲೆಕ್ಕ ಪೂರ್ತಿ ಹೊಂದದಿರುವುದಕ್ಕೆ ಅಯಾನುಗಳ ಪರಸ್ಪರ ಆಕರ್ಷಣೆ ಕಾರಣವೆಂದು 1923ರಲ್ಲಿ ಡಿಬೈ ಮತ್ತು ಹ್ಯೂಕೆಲ್ ವಿವರಿಸಿದರು.

1891ರಲ್ಲಿ ಸ್ಟಾಕ್‌ಹೋಮಿನ ಉನ್ನತ ವಿದ್ಯಾಲಯದಲ್ಲಿ ಅಧ್ಯಾಪಕ, 1895ರಲ್ಲಿ ಪ್ರಾಧ್ಯಾಪಕ, ಬಳಿಕ ಅದರ ಮುಖ್ಯಸ್ಥ - ಹೀಗೆ ಬಾಳು ಒಂದು ದಡಕ್ಕೆ ಬಂದಿತು. ಮನೆಯ ಬಾಳು ಹಾಗಲ್ಲ. 1894ರಲ್ಲಿ ತನ್ನ ಶಿಷ್ಯೆ ಸೋಫಿಯಾ ರುಡ್‌ಬೆಕ್‌ಳನ್ನು ವರಿಸಿದನು; ಒಬ್ಬ ಮಗ ಹುಟ್ಟಿದನು; 1896ರ ವೇಳೆಗೆ ದಾಂಪತ್ಯ ಮುರಿದಿತ್ತು. ಆ ನೋವಿನ ದಿನಗಳಲ್ಲಿಯೇ ಆತ ಒಂದು ಬೃಹತ್ ಲೆಕ್ಕವನ್ನು ಕೈಗೆತ್ತಿಕೊಂಡಿದ್ದನು: ಗಾಳಿಯಲ್ಲಿನ ಇಂಗಾಲಾಮ್ಲ ಹೆಚ್ಚುಕಡಮೆಯಾದರೆ ಭೂಮಿಯ ಉಷ್ಣತೆ ಎಷ್ಟು ಬದಲಾದೀತು? ಯಂತ್ರದ ನೆರವಿಲ್ಲದೆ ತಿಂಗಳುಗಟ್ಟಲೆ ಗುಣಿಸಿ ಕೂಡಿ, ಅದು ಇಮ್ಮಡಿಯಾದರೆ ಉಷ್ಣತೆ 5ರಿಂದ 6 ಡಿಗ್ರಿ ಏರುವುದೆಂದು 1896ರಲ್ಲಿ ಪ್ರಕಟಿಸಿದನು. ಇಂದಿನ ಅಂದಾಜು ಸುಮಾರು 3 ಡಿಗ್ರಿ. ಶೀತದೇಶದವನಾದ ಆತನಿಗೆ ಈ ಬಿಸಿ ಒಳ್ಳೆಯದೆಂದೇ ತೋರಿತ್ತು. ಪಾವಗಡದ ಬೇಸಗೆಯನ್ನು ಕಂಡಿದ್ದರೆ ಬೇರೆ ರೀತಿ ಯೋಚಿಸುತ್ತಿದ್ದನೋ ಏನೋ.

1901ರಲ್ಲಿ ವಿಜ್ಞಾನ ಅಕಾಡೆಮಿಗೆ ಆತನ ಆಯ್ಕೆಯಾಯಿತು; ಆಗಲೂ ವಿರೋಧವಿದ್ದಿತು. 1903ರಲ್ಲಿ ನೊಬೆಲ್ ಪಾರಿತೋಷಕದ ಮಾತು ಬಂದಾಗ ಹಳೆಯ ತೊಡಕೇ ಮತ್ತೆ ಎದ್ದಿತು: ಈ ಕೆಲಸ ಭೌತವೇ, ರಸಾಯನವೇ? ಎರಡರಿಂದಲೂ ಅರ್ಧರ್ಧ ಕೊಡೋಣವೆಂಬ ಸಲಹೆಯೂ ಬಂದು ಬಿದ್ದುಹೋಯಿತು. ಕಡೆಗೆ ರಸಾಯನದ ಪಾರಿತೋಷಕ ಸಂದಿತು; ಸ್ವೀಡನ್ನಿಗೆ ಅದು ಮೊದಲನೆಯದು. ರಸಾಯನ ಸಮಿತಿಯ ಅಧ್ಯಕ್ಷಸ್ಥಾನದಲ್ಲಿ ಇದ್ದವನು, ಅಂದು ಬೀಳ್ಕೊಟ್ಟಿದ್ದ ಅದೇ ಕ್ಲೇವೆ. ಗುರುವು ತನ್ನ ತೀರ್ಪನ್ನು ತಾನೇ ತಿದ್ದಿಕೊಂಡನು. ಈ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು.

ಇಲ್ಲಿಗೇ ನಿಲ್ಲಿಸಿದರೆ ಸೊಗಸಾದ ನೀತಿಕಥೆಯಾಗುತ್ತಿತ್ತು. ಆದರೆ ಚರಿತ್ರೆ ಅಷ್ಟಕ್ಕೆ ನಿಲ್ಲುವುದಿಲ್ಲ. 1905ರಲ್ಲಿ ಆತನಿಗಾಗಿಯೇ ಭೌತ ರಸಾಯನದ ನೊಬೆಲ್ ಸಂಸ್ಥೆ ತೆರೆಯಿತು. ಮಾರಿಯಾ ಯೊಹಾನ್ಸನ್‌ಳೊಡನೆ ಮರುಮದುವೆಯೂ ಆಯಿತು. ಈಗ ಆತನ ಮಾತಿಗೆ ತೂಕ ಬಂದಿತ್ತು. 1906ರಲ್ಲಿ ರಸಾಯನ ಸಮಿತಿ ಮೆಂಡೆಲೀಯೆವನ ಹೆಸರನ್ನು ಸೂಚಿಸಿತು. ಆವರ್ತಕೋಷ್ಟಕ 1869ರಷ್ಟು ಹಳೆಯದು, ಅದಕ್ಕೀಗ ಪಾರಿತೋಷಕ ಸಲ್ಲದೆಂಬ ವಾದವನ್ನು ಅರ್ಹೇನಿಯಸ್ ಮುಂದೊಡ್ಡಿದನು. ಅಕಾಡೆಮಿ ಆ ವರ್ಷದ ಗೌರವವನ್ನು ಫ್ರಾನ್ಸಿನ ಆನ್ರಿ ಮುವಾಸಾನಿಗೆ ಕೊಟ್ಟಿತು. 1907ರ ಫೆಬ್ರವರಿಯಲ್ಲಿ ಮೆಂಡೆಲೀಯೆವ್ ಕಾಲವಾದನು. ಅದೇ ತಿಂಗಳು ಮುವಾಸಾನೂ ಹೋದನು. ತನ್ನ ವಿಯೋಜನೆಯ ಸಿದ್ಧಾಂತವನ್ನು ಮೆಂಡೆಲೀಯೆವ್ ಒಪ್ಪದಿದ್ದುದೇ ಆ ವಿರೋಧದ ಮೂಲವೆಂದು ಅನೇಕ ಚರಿತ್ರಕಾರರು ಬಗೆಯುತ್ತಾರೆ. ಬಾಗಿಲಾಚೆ ನಿಂತು ನೊಂದವನು ಒಳಗೆ ಬಂದ ಮೇಲೆ ಬಾಗಿಲನ್ನು ತಾನೇ ಮುಚ್ಚಿದನು. ಜನಾಂಗಶುದ್ಧಿಯೆಂಬ ಹೆಸರಿನಲ್ಲಿ ಆ ಕಾಲದಲ್ಲಿ ನಡೆದ ತಪ್ಪು ವಿದ್ಯೆಗೂ ಆತ ಬೆಂಬಲವಾಗಿ ನಿಂತಿದ್ದನು. 1927ರ ಅಕ್ಟೋಬರ್ 2ರಂದು ಸ್ಟಾಕ್‌ಹೋಮಿನಲ್ಲಿ ಆತನ ಬಾಳು ಮುಗಿಯಿತು. ದೇಹ ಮಣ್ಣಾದುದು ಉಪ್ಸಾಲದಲ್ಲಿ.

ಮುವಾಸಾನಿಗೆ ಪಾರಿತೋಷಕ ಬಂದುದು ಯಾವ ಕೆಲಸಕ್ಕೆ ಗೊತ್ತೆ? 1886ರಲ್ಲಿ ಫ್ಲೋರಿನನ್ನು ಮೊದಲ ಬಾರಿಗೆ ಬೇರ್ಪಡಿಸಿದುದಕ್ಕೆ. ಹೈಡ್ರೋಜನ್ ಫ್ಲೋರೈಡ್ ದ್ರವದಲ್ಲಿ ವಿದ್ಯುತ್ತು ಹರಿಯದು. ಅದರಲ್ಲಿ ಪೊಟ್ಯಾಸಿಯಂ ಲವಣವನ್ನು ಕರಗಿಸಿದಾಗ ಅಯಾನುಗಳು ಒದಗಿ ಹರಿಯಿತು, ಫ್ಲೋರಿನ್ ಹೊರಬಿದ್ದಿತು. ಇದನ್ನು ಓದಿದಾಗ ನಾನು ಪುಸ್ತಕವನ್ನು ಮಡಿಸಿಟ್ಟೆ. ಏಕೆಂದರೆ ಪಾವಗಡದ ಆ ಹಳ್ಳಿಯ ನೀರಿನಲ್ಲಿದ್ದುದೂ ಅದೇ ಫ್ಲೋರಿನ್, ಅಯಾನಿನ ರೂಪದಲ್ಲಿ.

ನಮ್ಮ ಗ್ರಾನೈಟು, ನೈಸ್ ಬಂಡೆಗಳ ಖನಿಜಗಳಲ್ಲಿ ಫ್ಲೋರೈಡು ಅಡಗಿದೆ. ಬಿರುಕಿನಲ್ಲಿ ಬಹುಕಾಲ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಅಯಾನು ಸಾಕಷ್ಟಿದ್ದರೆ ಅದು ಫ್ಲೋರೈಡಿನೊಡನೆ ಕೂಡಿ ತಳಕ್ಕಿಳಿಯುತ್ತದೆ. ಸೋಡದ ಗುಣದ ನೀರಿನಲ್ಲಿ ಕ್ಯಾಲ್ಸಿಯಂ ಕಡಮೆಯಾಗಿ ಫ್ಲೋರೈಡು ಸ್ವತಂತ್ರವಾಗಿ ಉಳಿಯುತ್ತದೆ. ಅದಕ್ಕೆ ರುಚಿಯಿಲ್ಲ, ಬಣ್ಣವಿಲ್ಲ. ಕಾಯಿಸಿದರೆ ಹೋಗದು, ಆವಿಯಾಗುವುದು ನೀರು ಮಾತ್ರ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ನಿಯಮ. ಮೀರಿದರೆ ಬೆಳೆಯುವ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ನಿಲ್ಲುತ್ತದೆ. ಪ್ರಮಾಣ ಹೆಚ್ಚಾಗಿ ವರ್ಷಗಳು ಕಳೆದರೆ ಮೂಳೆ ಕೀಲುಗಳು ಬಿಗಿಯುತ್ತವೆ. 1937ರಲ್ಲಿಯೇ ನೆಲ್ಲೂರು ಸೀಮೆಯಲ್ಲಿ ಈ ರೋಗವನ್ನು ವೈದ್ಯವಿಜ್ಞಾನಿಗಳು ವರದಿಮಾಡಿದ್ದರು.

ಆ ಶಿಬಿರದಲ್ಲಿ ಕಡ್ಡಿಯ ಅಂಕಿ ಅಷ್ಟೇನೂ ಹೆಚ್ಚಿರಲಿಲ್ಲ. ನೀರು ಚೆನ್ನಾಗಿದೆಯೆಂದು ಊರವರು ಸಮಾಧಾನಪಟ್ಟರು. ನನ್ನ ಸಹೋದ್ಯೋಗಿ ತಲೆಯಲ್ಲಾಡಿಸಿದರು. ಕಡ್ಡಿ ಎಲ್ಲ ಅಯಾನುಗಳ ಒಟ್ಟು ಲೆಕ್ಕ ಹೇಳುತ್ತದೆ. ನೂರಾರು ಮಿಲಿಗ್ರಾಂ ಲವಣದ ನಡುವೆ ಎರಡು ಮಿಲಿಗ್ರಾಂ ಫ್ಲೋರೈಡು ಅದರ ಕಣ್ಣಿಗೆ ಬೀಳದು. ಅವರು ಸಣ್ಣ ನಳಿಗೆಯಲ್ಲಿ ಬಣ್ಣದ ದ್ರವವನ್ನು ಬೆರಸಿದರು. ಕೆಂಪು ಹೋಗಿ ಹಳದಿ ಮೂಡಿತು, ಮಿತಿ ಮೀರಿತ್ತು. ಊರಿನಲ್ಲಿ ಶುದ್ಧ ನೀರಿನ ಘಟಕವೊಂದಿತ್ತು. ಅಭಿಸರಣದ ಒತ್ತಡಕ್ಕಿಂತ ಹೆಚ್ಚಿನ ಒತ್ತಡ ಹಾಕಿ ನೀರನ್ನು ಪೊರೆಯ ಮೂಲಕ ಹಿಂದಕ್ಕೆ ದೂಡುವ ಯಂತ್ರ ಅದು, ವಾಂಟ್ ಹಾಫನ ನಿಯಮವನ್ನು ತಿರುವಿ ಹಾಕಿದುದು. ಅದು ಕೆಟ್ಟು ನಿಂತಿದ್ದ ದಿನಗಳಲ್ಲಿ ಜನ ಕೊಳವೆಬಾವಿಗೇ ಹೋಗುತ್ತಿದ್ದರು.

ಈಗ ನನ್ನ ಅಂಕಗಳ ಮಾತು. ಆ ಕಡೆಯ ಹಳ್ಳಿಯಿಂದ ಬಂದ ವಿದ್ಯಾರ್ಥಿಯೊಬ್ಬ ಹಿಂದೆ ನನ್ನ ತರಗತಿಯಲ್ಲಿದ್ದ. ಬರೆವಣಿಗೆ ಸ್ವಚ್ಛ. ಎದ್ದು ಪದ್ಯ ಓದೆಂದರೆ ಬಾಯಿಗೆ ಅಂಗೈ ಅಡ್ಡ ಹಿಡಿದು, ನೆಲ ನೋಡುತ್ತ, ಎರಡು ಸಾಲಿಗೆ ನಿಲ್ಲಿಸಿಬಿಡುತ್ತಿದ್ದ. ಉದಾಸೀನವೆಂದು ನಾನು ತೀರ್ಮಾನಿಸಿದೆ. ವಾಚನದ ಆಂತರಿಕ ಅಂಕಗಳಲ್ಲಿ ಅವನಿಗೆ ತರಗತಿಗೇ ಕಡಮೆಯದನ್ನು ಹಾಕಿದೆ. ಅವನು ಕೇಳಲಿಲ್ಲ, ನಾನೂ ವಿಚಾರಿಸಲಿಲ್ಲ. ಶಿಬಿರದ ಸಂಜೆ ಕೊಳವೆಬಾವಿಯ ಬಳಿ ಕೊಡ ಹಿಡಿದ ಮಕ್ಕಳು ನಗುವಾಗ ಒಬ್ಬೊಬ್ಬರಾಗಿ ಅಂಗೈಯನ್ನು ಬಾಯಿಗೆ ಒಯ್ದುದನ್ನು ಕಂಡೆ. ಅದೇ ಕೈ, ಅದೇ ರೀತಿ. ಆ ವಿದ್ಯಾರ್ಥಿ ಏಕೆ ಓದಲಿಲ್ಲವೆಂಬುದು ವರ್ಷಗಳ ಬಳಿಕ ನನಗೆ ತಿಳಿಯಿತು.

ಉಪ್ಸಾಲದ ಪರೀಕ್ಷಕರನ್ನು ದೂರಲು ನನಗೆ ನಾಲಗೆ ಬಾರದು. ಒಟ್ಟು ಲೆಕ್ಕ ಹೇಳುವ ಕಡ್ಡಿಯೊಂದು ನನ್ನ ಕೈಯಲ್ಲಿಯೂ ಇದೆ. ಅದನ್ನು ಅದ್ದಿ ಅಂಕಿ ಬರೆದುಕೊಳ್ಳುವುದು ಸುಲಭ. ಕ್ಲೇವೆಗೆ ತನ್ನ ತೀರ್ಪನ್ನು ತಿದ್ದಿಕೊಳ್ಳಲು ಹತ್ತೊಂಬತ್ತು ವರ್ಷ ಹಿಡಿದರೂ ಅವಕಾಶ ದೊರೆಯಿತು. ನನ್ನ ಆ ಅಂಕಪಟ್ಟಿ ಮುದ್ರೆಯಾಗಿ ಹೋಗಿದೆ. ಈಗ ಪ್ರತಿ ವರ್ಷದ ಮೊದಲ ವಾರದಲ್ಲಿ, ಓದಲು ಏಳದ ಹುಡುಗರನ್ನು ಪಾಠ ಮುಗಿದ ಮೇಲೆ ಒಬ್ಬೊಬ್ಬರನ್ನಾಗಿ ಕರೆದು ಮಾತನಾಡಿಸುತ್ತೇನೆ. ಅವರ ಊರು ಯಾವುದೆಂದೂ, ಅಲ್ಲಿ ಯಾವ ನೀರು ಕುಡಿಯುತ್ತಾರೆಂದೂ ಕೇಳುತ್ತೇನೆ.